ಬೆನ್ನಿನ ಆಪರೇಷನ್ ಆದ ಮೇಲೂ ನೋವು ಹೋಗದಿದ್ದರೆ: ನಾನು ಓಡಾಡಿದ ದಾರಿ

ಬೆನ್ನಿನ ಆಪರೇಷನ್ ಮಾಡಿಸಿಕೊಂಡು, ತಿಂಗಳುಗಟ್ಟಲೆ ಕಾದು, ಆಮೇಲೂ ನೋವು ಹೋಗದೆ "ಈಗ ಯಾರ ಹತ್ರ ಹೋಗೋದು" ಅಂತ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಪರೇಷನ್‌ಗೆ ಮುಂಚೆ ಬುದ್ಧಿ ಹೇಳುವವರು ಊರು ತುಂಬ ಇರುತ್ತಾರೆ. ಆಪರೇಷನ್ ಆದ ಮೇಲೂ ನೋವಿದೆ ಅಂದರೆ ಎಲ್ಲರೂ ಸುಮ್ಮನಾಗುತ್ತಾರೆ. ನಾನು ಡಾಕ್ಟರ್ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ಅಡಿಕೆ ತೋಟ, ಕೊಟ್ಟಿಗೆ, ಮನೆ ನೋಡಿಕೊಂಡು ಇರುವವಳು. ನನಗೆ ಆಗಿದ್ದನ್ನು, ಡಾಕ್ಟರುಗಳ ಬಾಯಿಂದ ಕೇಳಿ ತಿಳಿದಿದ್ದನ್ನು ಬರೆದಿದ್ದೇನೆ. ನಿಮ್ಮ ಬೆನ್ನು ನನ್ನ ಬೆನ್ನಲ್ಲ, ಅದು ನೆನಪಿರಲಿ.

ಶುರುವಾಗಿದ್ದು ಅಡಿಕೆ ಸುಲಿಯುವ ಕಾಲದಲ್ಲಿ. ಮೆಟ್ಟುಗತ್ತಿ ಮುಂದೆ ಕೂತವರಿಗೆ ಗೊತ್ತು, ತಗ್ಗು ಮಣೆ, ಮಡಚಿದ ಕಾಲು, ಒಂದೊಂದು ಕಾಯಿಗೂ ಸೊಂಟ ಮುಂದಕ್ಕೆ ಬಾಗಬೇಕು. ಸಂಜೆ ಕೂತರೆ ರಾತ್ರಿ ಊಟದ ಹೊತ್ತಿಗೆ ಏಳುವುದು. ಒಂದು ದಿನ ಏಳಲು ಹೋದಾಗ ಎಡಗಾಲಿಗೆ ಕರೆಂಟು ಹೊಡೆದ ಹಾಗಾಯಿತು, ತೊಡೆಯಿಂದ ಹೆಬ್ಬೆರಳಿನ ತನಕ. ಎಂಆರ್‌ಐ ಮಾಡಿಸಿದಾಗ ಎಲ್4-ಎಲ್5 ಜಾಗದಲ್ಲಿ, ಅಂದರೆ ಸೊಂಟದ ಕೊನೆಯ ಎರಡು ಮೂಳೆಗಳ ನಡುವೆ, ಡಿಸ್ಕ್ (ಮೂಳೆಗಳ ಮಧ್ಯದ ಮೆತ್ತೆ) ಜಾರಿ ನರ ಒತ್ತುತ್ತಿದೆ, ಮೂಳೆಯೂ ಸ್ವಲ್ಪ ಮುಂದೆ ಸರಿದಿದೆ ಅಂದರು. ಮಾತ್ರೆ, ವಿಶ್ರಾಂತಿ, ಬೆಲ್ಟು ಎಲ್ಲ ಆಯಿತು. ಪಾದ ಎತ್ತುವ ಶಕ್ತಿ ಕಡಿಮೆಯಾಗುತ್ತಾ ಬಂದಾಗ ಊರಿಂದ ದೂರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫ್ಯೂಷನ್ ಆಪರೇಷನ್ ಮಾಡಿಸಿದೆವು. ಎರಡು ಮೂಳೆಗೆ ಸ್ಕ್ರೂ, ರಾಡ್ ಹಾಕಿ ಒಂದಾಗಿ ಸೇರಿಸುವುದು.

ಆ ಆಪರೇಷನ್ ದಂಡವಾಯಿತು ಅಂತ ನಾನು ಹೇಳುವುದಿಲ್ಲ. ಪಾದಕ್ಕೆ ಶಕ್ತಿ ವಾಪಸ್ ಬಂತು. ಕಾಲಿನ ಸೆಳೆತ ಮುಕ್ಕಾಲು ಪಾಲು ಇಳಿಯಿತು. ಕೆಲವು ತಿಂಗಳು ಚೆನ್ನಾಗಿಯೇ ಇದ್ದೆ. ಆಮೇಲೆ ಮೆಲ್ಲಗೆ ಬೇರೆ ನೋವು ಬಂತು. ಸೊಂಟದ ಕೆಳಗೆ, ಬಲಭಾಗದಲ್ಲಿ, ಕುರ್ಚಿಯಿಂದ ಏಳುವಾಗ, ಹಾಸಿಗೆಯಲ್ಲಿ ಮಗ್ಗುಲು ತಿರುಗುವಾಗ ಚುಚ್ಚುವ ನೋವು. ರಾತ್ರಿ ಹೊತ್ತು ಎಡಪಾದ ಉರಿಯುತ್ತಿತ್ತು. ಮೆಣಸಿನಕಾಯಿ ಅರೆದ ಕೈ ಹೇಗೆ ಉರಿಯುತ್ತದೋ ಹಾಗೆ, ತೊಳೆದರೂ ಹೋಗದ ಉರಿ.

ಆಪರೇಷನ್ ಮಾಡಿದ ಕಡೆಗೇ ಮೊದಲು ಹೋದೆವು. ಎಕ್ಸ್‌ರೇ ನೋಡಿ, "ಸ್ಕ್ರೂ ಚೆನ್ನಾಗಿ ಕೂತಿದೆ, ಏನೂ ತೊಂದರೆ ಇಲ್ಲ, ನಿಮಗೆ ಭಯ ಅಷ್ಟೇ" ಅಂದರು. ನೋಡಿದ್ದು ಎರಡು ಮೂರು ನಿಮಿಷ. ನನ್ನ ಬೆನ್ನು ಮುಟ್ಟಿ ನೋಡಲಿಲ್ಲ. ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತೆ. ನೋವಿಗಲ್ಲ, ನನ್ನ ಮಾತನ್ನು ಯಾರೂ ನಂಬುವುದಿಲ್ಲವಲ್ಲ ಅಂತ. ಊರಲ್ಲೂ ಅದೇ ಮಾತು. "ಅಷ್ಟು ದುಡ್ಡು ಸುರಿದು ಆಪರೇಷನ್ ಮಾಡ್ಸಿದ್ರಲ್ಲ, ಇನ್ನೇನು ನೋವು?" ಅಂತ ಮದುವೆ ಮನೆಯಲ್ಲಿ ಕೇಳುತ್ತಿದ್ದರು. ನಮ್ಮ ಮನೆಯವರು ಮಾತ್ರ ಒಂದು ದಿನವೂ ಹಾಗೆ ಅನ್ನಲಿಲ್ಲ. "ನಿಂಗೆ ನೋವಿದೆ ಅಂದ್ರೆ ಇದೆ ಮಾರಾಯ್ತಿ. ಇವ್ರಿಗೆ ಕಾಣ್ಲಿಲ್ಲ ಅಂದ್ರೆ ಕಾಣೋರ ಹತ್ರ ಹೋಗಣ" ಅಂದರು.

ಕಾಣುವವರು ಸಿಗುವ ತನಕ ಸುಮಾರು ಅಲೆದೆವು. ಶಿವಮೊಗ್ಗದಲ್ಲಿ ತೋರಿಸಿದಾಗ ಒಬ್ಬರು ಮತ್ತೆ ಆಪರೇಷನ್ ಮಾಡಿ ನೋಡೋಣ ಅಂದರು. ಇನ್ನೊಬ್ಬರು ಆಪರೇಷನ್ ಹೆಸರೇ ಎತ್ತಬೇಡಿ ಅಂದರು. ಯಾವುದನ್ನು ನಂಬಬೇಕು ಹೇಳಿ? ಆಯುರ್ವೇದದಲ್ಲಿ ಕಟಿಬಸ್ತಿ ಮಾಡಿಸಿದೆ. ಉದ್ದಿನ ಹಿಟ್ಟು ಕಲಸಿ ಸೊಂಟದ ಮೇಲೆ ಬಳೆಯ ಹಾಗೆ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ಎಣ್ಣೆ ನಿಲ್ಲಿಸುತ್ತಾರೆ, ಆರಿದ ಹಾಗೆ ತೆಗೆದು ಬೇರೆ ಹಾಕುತ್ತಾರೆ. ಬಿಗಿದ ಮಾಂಸಖಂಡಕ್ಕೆ ಹಿತವಾಯಿತು, ಆ ದಿನಗಳಲ್ಲಿ ನಿದ್ದೆಯೂ ಬಂತು. ಆದರೆ ಮನೆಗೆ ಬಂದ ಮೇಲೆ ನೋವು ಅಲ್ಲೇ ಇತ್ತು. ಮನೆಯಲ್ಲಿ ಅತ್ತೆ ಲಕ್ಕಿಸೊಪ್ಪು ಹಾಕಿ ಕುದಿಸಿದ ಹಂಡೆ ನೀರು ಸೊಂಟಕ್ಕೆ ಹೊಯ್ಯುತ್ತಿದ್ದರು, ಅದನ್ನು ಈಗಲೂ ಬಿಟ್ಟಿಲ್ಲ. ಇಂಥವುಗಳಿಂದ ಸುಖ ಸಿಕ್ಕರೆ ಬಿಡಬೇಡಿ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಡೆ ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಸೊಂಟ ತುಳಿಸುವುದು, ಉಳುಕು ತೆಗೆಸುವುದು, ಎಳೆಸುವುದು ರೂಢಿ. ಸ್ಕ್ರೂ ಹಾಕಿದ ಬೆನ್ನಿಗೆ ಅದು ಖಂಡಿತ ಬೇಡ. ಎಷ್ಟೇ ಬೇಕಾದವರು ಹೇಳಿದರೂ ಬೇಡ.

ಕಡೆಗೆ ದಾರಿ ತೋರಿಸಿದವರು ಶಿವಮೊಗ್ಗದ ಒಬ್ಬ ಫಿಸಿಯೋಥೆರಪಿ ಮೇಡಂ. "ಅಕ್ಕಾ, ಸರ್ಜನ್ ಹತ್ರ ಸಾಕಷ್ಟು ಹೋಗಿದ್ದೀರ. ಒಂದ್ಸಲ ಪೇನ್ ಕ್ಲಿನಿಕ್‌ಗೆ ಹೋಗಿ" ಅಂದರು. ಅಂಥ ವಿಭಾಗ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನೋವಿಗೇ ಅಂತ ಇರುವ ಡಾಕ್ಟರುಗಳು, ಹೆಚ್ಚಾಗಿ ಅನಸ್ತೇಷಿಯಾ ಓದಿದವರು. ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ಇರುತ್ತಾರೆ. ನಾವು ಘಟ್ಟದ ಕೆಳಗಿನ ಒಂದು ಆಸ್ಪತ್ರೆಗೆ ಫೋನ್ ಮಾಡಿದೆವು. "ಬನ್ನಿ, ಆದರೆ ಆಪರೇಷನ್ ನೋಟ್ಸ್ ಪೂರ್ತಿ ತನ್ನಿ" ಅಂದರು.

ಆ ಕಾಗದ ಕೈಗೆ ಬರುವುದಕ್ಕೆ ಪಟ್ಟ ಪಾಡು ಇನ್ನೊಂದು ಕಥೆ. ನಮ್ಮ ಹತ್ತಿರ ಇದ್ದಿದ್ದು ಡಿಸ್ಚಾರ್ಜ್ ಸಮ್ಮರಿ ಒಂದೇ. ಅದರಲ್ಲಿ ಏನು ಆಪರೇಷನ್ ಅಂತ ಒಂದು ಸಾಲು, ಉಳಿದಿದ್ದೆಲ್ಲ ಮಾತ್ರೆ ಪಟ್ಟಿ. ಬೇಕಾಗಿದ್ದು ಆಪರೇಷನ್ ಥಿಯೇಟರ್‌ನಲ್ಲಿ ಬರೆದ ಟಿಪ್ಪಣಿ, ಯಾವ ಮೂಳೆಗೆ ಏನು ಹಾಕಿದರು, ಸ್ಕ್ರೂ ಯಾವ ಲೋಹದ್ದು, ಯಾವ ಕಂಪನಿಯದ್ದು ಅನ್ನುವ ಸ್ಟಿಕ್ಕರ್ ಹಚ್ಚಿದ ಹಾಳೆ. ಫೋನ್ ಮಾಡಿದರೆ ಇಂದು ನಾಳೆ ಅಂದರು. ನಮ್ಮ ಮನೆಯವರು ಹೋದರೆ "ಪೇಷೆಂಟೇ ಬರಬೇಕು" ಅಂದರು. ಪೇಷೆಂಟ್ ಕೂರಲಾರದೆ ಮಲಗಿದ್ದಾಳೆ ಅಂದರೆ "ಹಾಗಾದ್ರೆ ಪತ್ರ ತನ್ನಿ" ಅಂದರು. ಪತ್ರ ಕೊಟ್ಟರೆ ಸಂಬಂಧಪಟ್ಟವರು ರಜೆ.

ಕೊನೆಗೆ ಕೆಲಸ ಮಾಡಿದ್ದು ಒಂದು ನಿಯಮ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲಿ, ರೋಗಿ ಅಥವಾ ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಇದೆ. ನನ್ನ ಸಹಿ ಹಾಕಿದ ಅರ್ಜಿ, ಮನೆಯವರಿಗೆ ಕೊಡಿ ಅನ್ನುವ ಒಪ್ಪಿಗೆ ಪತ್ರ, ಇಬ್ಬರ ಆಧಾರ್ ಜೆರಾಕ್ಸ್ ಇಟ್ಟು, ಆ ನಿಯಮವನ್ನೂ ಬರೆದು, ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡರು. ಆ ವಾರವೇ ಕಾಗದ ಬಂತು. ಅದೇ ನಿಯಮದಲ್ಲಿ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು ಅಂತಲೂ ಇದೆ, ಹಾಗಾಗಿ ತಡ ಮಾಡದೆ ಈಗಲೇ ತೆಗೆದಿಟ್ಟುಕೊಳ್ಳಿ. ಆಪರೇಷನ್‌ಗೆ ಮುಂಚಿನ ಎಂಆರ್‌ಐ ಸಿಡಿಯನ್ನೂ ಬಿಡಬೇಡಿ. ರಿಪೋರ್ಟು ಮಾತ್ರ ಸಾಲುವುದಿಲ್ಲ, ಹಳೆಯ ಚಿತ್ರ, ಹೊಸ ಚಿತ್ರ ಪಕ್ಕದಲ್ಲಿಟ್ಟು ನೋಡುತ್ತಾರೆ.

ಹೋಗಿದ್ದು ಮಳೆಗಾಲದಲ್ಲಿ, ಆಗುಂಬೆ ಘಾಟಿ ಇಳಿದು. ಬೆನ್ನುನೋವಿನವರಿಗೆ ಆ 14 ತಿರುವು ಏನು ಅಂತ ಇಳಿದವರಿಗೇ ಗೊತ್ತು. ಪ್ರತಿ ತಿರುವಿಗೂ ಮೈ ಒಂದು ಕಡೆ ವಾಲುತ್ತದೆ, ತಡೆದುಕೊಳ್ಳಲು ಸೊಂಟ ಬಿಗಿಯಾಗುತ್ತದೆ. ಬಸ್ಸಾದರೆ ಹಿಂದಿನ ಚಕ್ರದ ಮೇಲಿನ ಸೀಟು, ಕೊನೆಯ ಸೀಟು ಬೇಡ. ನಡುವಿನ ಸೀಟು ಕೇಳಿ, ಟವೆಲ್ ಸುರುಳಿ ಮಾಡಿ ಸೊಂಟಕ್ಕೆ ಇಟ್ಟುಕೊಳ್ಳಿ. ನಾವು ಕಾರು ಮಾಡಿಕೊಂಡು ಹೋದೆವು, ಆಗುಂಬೆಯಲ್ಲಿ ಒಮ್ಮೆ, ಸೋಮೇಶ್ವರದಲ್ಲಿ ಒಮ್ಮೆ ನಿಲ್ಲಿಸಿ ಹತ್ತು ಹೆಜ್ಜೆ ನಡೆದೆ. ಬೆಂಗಳೂರಿಗೆ ಹೋಗುವವರಾದರೆ ಬಸ್ಸಿಗಿಂತ ಶಿವಮೊಗ್ಗದಿಂದ ರೈಲು ಎಷ್ಟೋ ವಾಸಿ, ಎದ್ದು ಓಡಾಡಬಹುದು ಅಲ್ವಾ.

ಓಪಿಡಿಯಲ್ಲಿ ಕಾಯುವುದು ಬೇರೆ ಥರದ ಶಿಕ್ಷೆ. ಟೋಕನ್ ಬೆಳಿಗ್ಗೆಯೇ ತಗೊಂಡರೂ ಒಳಗೆ ಹೋಗಿದ್ದು ಮಧ್ಯಾಹ್ನ. ಕಬ್ಬಿಣದ ಬೆಂಚಿನಲ್ಲಿ ಕೂರಲಾಗದೆ ಗೋಡೆಗೆ ಒರಗಿ ನಿಂತಿದ್ದೆ. ಹಾಗೇ ನಿಂತಿದ್ದ ಇನ್ನೊಬ್ಬ ಹೆಂಗಸನ್ನು ನೋಡಿ, "ನಿಮ್ದೂ ಬೆನ್ನಾ?" ಅಂತ ಕೇಳಿದೆ. ಹೌದು ಅಂದರು. ಕೊಪ್ಪದ ಕಡೆಯವರು, ಎರಡು ಸಲ ಆಪರೇಷನ್ ಆಗಿತ್ತಂತೆ. ಅವರ ಜೊತೆ ಮಾತಾಡಿದಾಗ ಮೊದಲ ಸಲ ನಾನೊಬ್ಬಳೇ ಅಲ್ಲ ಅನ್ನಿಸಿತು.

ಒಳಗೆ ಡಾಕ್ಟರ್ ಒಂದು ಹಾಳೆ ಕೊಟ್ಟರು. ಅದರಲ್ಲಿ ಮನುಷ್ಯನ ಆಕಾರ, ಮುಂದೆ ಒಂದು, ಹಿಂದೆ ಒಂದು. "ಚುಚ್ಚೋ ನೋವಿಗೆ ಗೆರೆ ಎಳೀರಿ, ಉರಿಗೆ ಚುಕ್ಕಿ ಇಡಿ, ಜೋಮಿಗೆ ಸೊನ್ನೆ" ಅಂದರು. ಬರೆದು ಕೊಟ್ಟೆ. ಆಮೇಲೆ ನಿಲ್ಲಿಸಿ, "ಅಮ್ಮಾ, ಒಂದೇ ಬೆರಳಲ್ಲಿ ತೋರಿಸಿ, ಎಲ್ಲಿ ಜಾಸ್ತಿ?" ಅಂದರು. ಬಲಗೈ ತೋರುಬೆರಳು ಹಿಂದಕ್ಕೆ ಒಯ್ದು ಇಟ್ಟೆ. ಅದು ಆಪರೇಷನ್ ಗಾಯದ ಮೇಲೆ ಇರಲಿಲ್ಲ. ಅದಕ್ಕಿಂತ ಕೆಳಗೆ, ಸೊಂಟದ ಹಿಂದೆ ಗುಳಿ ಬೀಳುತ್ತದಲ್ಲ, ಅಲ್ಲಿ. ಇನ್ನೊಂದು ಸಲ ಕೇಳಿದರು, ಬೆರಳು ಅಲ್ಲೇ ಹೋಯಿತು. ಮಲಗಿಸಿ, ಬಲಗಾಲು ಮಡಚಿ ಎಡಮಂಡಿ ಮೇಲಿಟ್ಟು ಮೆಲ್ಲಗೆ ಒತ್ತಿದಾಗ ಅದೇ ಜಾಗ ಚುಚ್ಚಿತು. ಸೂಜಿಯಿಂದ ಪಾದ ಮುಟ್ಟಿದರು, ಹೆಬ್ಬೆರಳು ಮೇಲೆತ್ತಲು ಹೇಳಿದರು, ಹಿಮ್ಮಡಿಯಲ್ಲಿ ನಡೆಸಿದರು.

ಎಲ್ಲ ಆದ ಮೇಲೆ ಅವರು ಹೇಳಿದ ಮಾತು: "ನಿಮಗಿರೋದು ಒಂದು ನೋವಲ್ಲ, ಎರಡು. ಮೂಲ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಮೊದಲು ಮೂಲ ಖಚಿತ ಮಾಡ್ಕೊಳ್ಳೋಣ, ಚಿಕಿತ್ಸೆ ಆಮೇಲೆ." ಅಷ್ಟು ದಿನ ಅಲೆದಾಗ ಎಲ್ಲರೂ ಕೇಳಿದ್ದು ಆಪರೇಷನ್ ಬೇಕಾ ಬೇಡವಾ ಅಂತ. ನೋವು ಎಲ್ಲಿಂದ ಬರುತ್ತಿದೆ ಅಂತ ಕೇಳಿದವರು ಇವರೇ ಮೊದಲು. ನೀವು ಯಾರ ಹತ್ತಿರ ಹೋದರೂ ಈ ಪ್ರಶ್ನೆ ಮುಂದಿಡಿ. ಉತ್ತರ ಇಲ್ಲದೆ ಮತ್ತೊಂದು ಆಪರೇಷನ್‌ಗೆ ಸಹಿ ಹಾಕಬೇಡಿ. ಹೀಗೆ ಆಪರೇಷನ್ ಆದ ಮೇಲೂ ಉಳಿಯುವ ನೋವಿಗೆ ಮುಂಚೆ ಫೇಲ್ಡ್ ಬ್ಯಾಕ್ ಸರ್ಜರಿ ಸಿಂಡ್ರೋಮ್ ಅನ್ನುತ್ತಿದ್ದರು, ಈಗ ಪರ್ಸಿಸ್ಟೆಂಟ್ ಸ್ಪೈನಲ್ ಪೇನ್ ಸಿಂಡ್ರೋಮ್ ಟೈಪ್ 2 ಅಂತಲೂ ಬರೆಯುತ್ತಾರೆ. ಕಾಗದದಲ್ಲಿ ಇದನ್ನು ಕಂಡರೆ ಹೆದರಬೇಡಿ. ಕಾರಣ ಹತ್ತಾರು ಇರಬಹುದು: ಡಿಸ್ಕ್ ಮತ್ತೆ ಜಾರಿರಬಹುದು, ಮೂಳೆ ಸರಿಯಾಗಿ ಕೂಡದೆ ಸ್ಕ್ರೂ ಸಡಿಲಾಗಿರಬಹುದು, ಪಕ್ಕದ ಡಿಸ್ಕ್ ಸವೆದಿರಬಹುದು, ನರದ ಸುತ್ತ ಗಾಯದ ಗಂಟು ಕಟ್ಟಿರಬಹುದು, ಬೆನ್ನಿನ ಸಣ್ಣ ಕೀಲುಗಳಲ್ಲಿ ನೋವಿರಬಹುದು, ಸೋಂಕೂ ಇರಬಹುದು.

ಅದಕ್ಕೇ ಪರೀಕ್ಷೆಗಳು. ಸೋಂಕು ಇದೆಯಾ ಅಂತ ನೋಡಲು ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ. ಬಗ್ಗಿ ಒಂದು, ಹಿಂದೆ ಬಾಗಿ ಒಂದು ಎಕ್ಸ್‌ರೇ, ಮೂಳೆ ಅಲುಗಾಡುತ್ತಿದೆಯಾ ಅಂತ. ಆಮೇಲೆ ಕಾಂಟ್ರಾಸ್ಟ್ ಎಂಆರ್‌ಐ. ಮಾಮೂಲಿ ಎಂಆರ್‌ಐಯಲ್ಲಿ ಹಳೆ ಗಾಯದ ಗಂಟು ಯಾವುದು, ಹೊಸದಾಗಿ ಜಾರಿದ ಡಿಸ್ಕ್ ಯಾವುದು ಅಂತ ಬೇರೆ ಮಾಡುವುದು ಕಷ್ಟವಂತೆ. ಕೈಯ ನರಕ್ಕೆ ಗ್ಯಾಡೊಲಿನಿಯಂ ಅನ್ನುವ ಔಷಧಿ ಕೊಟ್ಟು ಚಿತ್ರ ತೆಗೆದರೆ ಗಾಯದ ಗಂಟು ಬೆಳ್ಳಗೆ ಹೊಳೆಯುತ್ತದೆ, ಡಿಸ್ಕ್ ಹಾಗೆ ಹೊಳೆಯುವುದಿಲ್ಲ. ಕಿಡ್ನಿ ಸರಿ ಇದೆಯಾ ಅಂತ ಮೊದಲು ಕ್ರಿಯಾಟಿನಿನ್ ನೋಡುತ್ತಾರೆ, ಅದನ್ನು ಊರಲ್ಲೇ ಮಾಡಿಸಿಕೊಂಡು ಹೋದರೆ ಒಂದು ದಿನ ಉಳಿಯುತ್ತದೆ.

ಇಲ್ಲಿ ಅಂದುಕೊಳ್ಳದ ಅಡ್ಡಿ ಬಂತು. ಓಡಾಟ ಕಡಿಮೆಯಾಗಲಿ ಅಂತ ಊರಿಗೆ ಹತ್ತಿರದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಹೋದರೆ, ಮೈಯಲ್ಲಿ ಸ್ಕ್ರೂ ಇದೆ ಅಂದ ಕೂಡಲೇ ಆಗುವುದಿಲ್ಲ ಅಂತ ವಾಪಸ್ ಕಳಿಸಿದರು. ಆಗ ನೆನಪಾಗಿದ್ದು ಆ ಸ್ಟಿಕ್ಕರ್ ಹಾಳೆ. ಅದರಲ್ಲಿ ಟೈಟಾನಿಯಂ ಅಂತ ಇತ್ತು. ಈಗಿನ ಟೈಟಾನಿಯಂ ಸ್ಕ್ರೂಗಳಿಗೆ ಎಂಆರ್‌ಐ ಮಾಡಬಹುದು, ಸ್ಕ್ರೂ ಸುತ್ತ ಚಿತ್ರ ಸ್ವಲ್ಪ ಕೆಡುತ್ತದೆ ಅಷ್ಟೇ. ಹಾಳೆ ತೋರಿಸಿದ ಮೇಲೆ ಒಪ್ಪಿದರು. ಖರ್ಚು 10,000 ರೂಪಾಯಿ ಆಸುಪಾಸು ಬಂತು.

ಫಲಿತಾಂಶ ಹೀಗಿತ್ತು. ಡಿಸ್ಕ್ ಮತ್ತೆ ಜಾರಿಲ್ಲ. ಸ್ಕ್ರೂ ಗಟ್ಟಿ. ಸೋಂಕಿಲ್ಲ. ಎಡಗಡೆ ನರದ ಸುತ್ತ ಗಾಯದ ಗಂಟು ಇದೆ, ಪಾದದ ಉರಿ ಅದರದ್ದು. ಬಲಗಡೆ ಚುಚ್ಚುವ ನೋವು ಎಸ್‌ಐ ಜಾಯಿಂಟಿನದ್ದು ಅಂತ ಅನುಮಾನ. ಬೆನ್ನುಮೂಳೆಯ ತಳ ಸೊಂಟದ ಮೂಳೆಗೆ ಸೇರುವ ಕೀಲು ಅದು. ಮೇಲಿನ ಮೂಳೆಗಳನ್ನು ಸೇರಿಸಿಬಿಟ್ಟ ಮೇಲೆ ಅಲ್ಲಿ ಬಗ್ಗುವುದಿಲ್ಲವಲ್ಲ, ಆ ಭಾರ ಕೆಳಗಿನ ಕೀಲಿಗೆ ಬೀಳುತ್ತದೆ. ಫ್ಯೂಷನ್ ಆದವರಲ್ಲಿ ಇದು ಅಪರೂಪವಲ್ಲವಂತೆ. ಇದು ಎಂಆರ್‌ಐಯಲ್ಲಿ ಕಾಣಬೇಕು ಅಂತೇನಿಲ್ಲ. "ಎಲ್ಲ ಚೆನ್ನಾಗಿದೆ" ಅನ್ನುವ ಎಕ್ಸ್‌ರೇಯೂ ಸುಳ್ಳಲ್ಲ, ನನ್ನ ನೋವೂ ಸುಳ್ಳಲ್ಲ. ಇದನ್ನು ಕೇಳಿದ ದಿನ ಎಷ್ಟು ಹಗುರಾಯಿತು ಅಂತ ಬರೆದು ಹೇಳಲಾರೆ.

ಉರಿಗೆ ಮಾತ್ರೆ ಶುರುವಾಯಿತು. ನರದ ನೋವಿಗೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ಕೇಳುವುದಿಲ್ಲ. ನಾನು ಅಲ್ಲಿಯ ತನಕ ನುಂಗುತ್ತಿದ್ದ ಡೈಕ್ಲೋಫೆನಾಕ್ ಥರದವು ದಿನಾ ತಗೊಂಡರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು ಅಂತ ನಿಲ್ಲಿಸಿದರು. ರಾತ್ರಿಗೆ ಪ್ರೆಗಾಬಲಿನ್, ಕಡಿಮೆ ಪ್ರಮಾಣದಿಂದ ಮೆಲ್ಲಗೆ ಏರಿಸುತ್ತಾ ಹೋದರು. ಮೊದಲ ದಿನಗಳಲ್ಲಿ ತಲೆ ಸುತ್ತು, ಮಂಪರು, ಬೆಳಿಗ್ಗೆ ಅಂಗಳಕ್ಕೆ ಇಳಿಯುವಾಗ ಕಂಬ ಹಿಡಿದುಕೊಳ್ಳಬೇಕಿತ್ತು. ಪಾದ ಸ್ವಲ್ಪ ಊದಿತು. ಇದನ್ನು ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಮಳೆಗಾಲದಲ್ಲಿ ರಸ್ತೆ, ಕರೆಂಟು ಎರಡೂ ನಂಬಿಕೆಯಿಲ್ಲದ ಊರು ನಮ್ಮದು, ಹಾಗಾಗಿ ಹತ್ತು ದಿನದ ಮಾತ್ರೆ ಯಾವಾಗಲೂ ಹೆಚ್ಚಿಗೆ ಇರಲಿ.

ಆಮೇಲೆ ಡುಲಾಕ್ಸೆಟಿನ್ ಸೇರಿಸಿದರು. ಇದು ಖಿನ್ನತೆಗೂ ಕೊಡುವ ಮಾತ್ರೆ. ನಮ್ಮ ನೆಂಟರ ಹುಡುಗ ಮೊಬೈಲಿನಲ್ಲಿ ನೋಡಿ "ಅತ್ತೆ, ಇದು ತಲೆಗೆ ಕೊಡೋ ಮಾತ್ರೆ" ಅಂದುಬಿಟ್ಟ. ಮನೆಯಲ್ಲಿ ಎರಡು ದಿನ ಅದೇ ಮಾತು. ನಾನು ಡಾಕ್ಟರನ್ನೇ ಕೇಳಿದೆ. ನೋವಿನ ಸುದ್ದಿ ಮೆದುಳಿಗೆ ಹೋಗುವ ದಾರಿಯಲ್ಲೇ ಇದು ಕೆಲಸ ಮಾಡುತ್ತದೆ, ಅದಕ್ಕೇ ನರದ ನೋವಿಗೂ, ತುಂಬಾ ದಿನದ ಬೆನ್ನುನೋವಿಗೂ ಕೊಡುತ್ತೇವೆ ಅಂದರು. ಮೊದಲ ವಾರ ವಾಕರಿಕೆ ಇತ್ತು, ಊಟದ ಜೊತೆ ತಗೊಂಡ ಮೇಲೆ ಸರಿಹೋಯಿತು. ಇನ್ನು ಟ್ರಮಡಾಲ್ ಅನ್ನುವ ಜೋರು ನೋವಿನ ಮಾತ್ರೆ. ಅದು ಅಭ್ಯಾಸವಾಗುವ ಮದ್ದು, 2018ರಿಂದ ಮಾದಕ ವಸ್ತುಗಳ ಕಾನೂನಿನ ಹಿಡಿತದಲ್ಲಿದೆ, ಚೀಟಿ ಇಲ್ಲದೆ ಕೇಳಬೇಡಿ, ಬೇರೆಯವರ ಚೀಟಿಯಲ್ಲಿ ತರಿಸಬೇಡಿ. ನನಗೆ ತೀರಾ ಆಗದ ದಿನಕ್ಕೆ ಅಂತ ಕೆಲವೇ ಕೊಟ್ಟಿದ್ದರು. ಮಾತ್ರೆಯ ಖರ್ಚು ತಿಂಗಳಾ ಬರುವಂಥದ್ದು, ಆದ್ದರಿಂದ ಚೀಟಿಯಲ್ಲಿ ಜನರಿಕ್ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ. ನಮಗೆ ಅರ್ಧಕ್ಕಿಂತ ಕಡಿಮೆಗೆ ಬಂತು.

ಎಸ್‌ಐ ಜಾಯಿಂಟಿಗೆ ಇಂಜೆಕ್ಷನ್. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾನು ಇದನ್ನು ವಾಸಿ ಮಾಡುವ ಇಂಜೆಕ್ಷನ್ ಅಂದುಕೊಂಡಿದ್ದೆ, ಬಹಳ ಜನ ಹಾಗೇ ಅಂದುಕೊಂಡು ಬೇಜಾರಾಗುತ್ತಾರೆ. ಮೊದಲ ಇಂಜೆಕ್ಷನ್ನಿನ ಮುಖ್ಯ ಕೆಲಸ ಪತ್ತೆ ಮಾಡುವುದು. ಎಕ್ಸ್‌ರೇ ಪರದೆ ನೋಡುತ್ತಾ ಕೀಲಿನೊಳಗೆ ಮರಗಟ್ಟಿಸುವ ಔಷಧಿ ಬಿಡುತ್ತಾರೆ. ಆ ಕೆಲವು ಗಂಟೆ ನೋವು ಅರ್ಧಕ್ಕಿಂತ ಜಾಸ್ತಿ ಇಳಿದರೆ ಮೂಲ ಅದೇ. ಇಳಿಯದಿದ್ದರೆ ಬೇರೆ ಕಡೆ ಹುಡುಕಬೇಕು. ಜೊತೆಗೆ ಸ್ವಲ್ಪ ಸ್ಟೀರಾಯ್ಡ್ ಕೂಡ ಹಾಕಿದರು. ನನಗೆ ಸಕ್ಕರೆ ಕಾಯಿಲೆ ಇದೆ. ಸ್ಟೀರಾಯ್ಡ್‌ನಿಂದ ಕೆಲವು ದಿನ ಸಕ್ಕರೆ ಏರುತ್ತದೆ ಅಂತ ಮೊದಲೇ ಹೇಳಿದ್ದರು, ಹಾಗೇ ಏರಿತು, ಮನೆಯಲ್ಲಿ ದಿನಾ ನೋಡಿಕೊಂಡೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಮುಂಚಿತವಾಗಿ ಹೇಳಲೇಬೇಕು. ಅದನ್ನು ನಿಲ್ಲಿಸುವುದೋ ಬೇಡವೋ ಹೃದಯದ ಡಾಕ್ಟರನ್ನು ಕೇಳಿಯೇ ತೀರ್ಮಾನ ಮಾಡುತ್ತಾರೆ.

ಬೋರಲು ಮಲಗಿಸಿದ್ದರು, ಎಚ್ಚರ ಇತ್ತು. ಸೂಜಿ ಕೀಲಿಗೆ ಮುಟ್ಟಿದಾಗ ನನ್ನ ನೋವು, ಅದೇ ನೋವು, ಒಮ್ಮೆ ಎದ್ದು ಬಂತು. "ಇದೇ ಡಾಕ್ಟ್ರೇ, ಇದೇ" ಅಂತ ಕೂಗಿದೆ. ಹೊರಗೆ ಬಂದ ಮೇಲೆ ಒಂದು ಹಾಳೆ ಕೊಟ್ಟು, ಗಂಟೆಗೊಮ್ಮೆ ಸೊನ್ನೆಯಿಂದ 10ರೊಳಗೆ ನೋವು ಎಷ್ಟು ಅಂತ ಬರೆಯಿರಿ, ಮಲಗಿರಬೇಡಿ, ಯಾವುದು ಮಾಡಿದರೆ ನೋವಾಗುತ್ತಿತ್ತೋ ಅದನ್ನೇ ಮಾಡಿ ನೋಡಿ ಅಂದರು. ಇದು ತುಂಬಾ ಮುಖ್ಯ. ಎಷ್ಟೋ ಜನ ಇಂಜೆಕ್ಷನ್ ಆಯಿತು ಅಂತ ಮಲಗಿಬಿಡುತ್ತಾರೆ, ಆಮೇಲೆ ಇಳಿಯಿತೋ ಇಲ್ಲವೋ ಹೇಳಲು ಬರುವುದಿಲ್ಲ. ನಾನು ಆಸ್ಪತ್ರೆಯ ಮೆಟ್ಟಿಲು ಹತ್ತಿದೆ, ಇಳಿದೆ, ಕ್ಯಾಂಟೀನಿನ ಕುರ್ಚಿಯಲ್ಲಿ ಕೂತು ಎದ್ದೆ. 7 ಇದ್ದಿದ್ದು 2ಕ್ಕೆ ಬಂತು. ಮನೆಯವರು ಹಾಳೆಯಲ್ಲಿ 2 ಅಂತ ಬರೆದು ನನ್ನ ಮುಖ ನೋಡಿದರು. ಇಬ್ಬರಿಗೂ ಮಾತು ಹೊರಡಲಿಲ್ಲ. ಪಾದದ ಉರಿ ಮಾತ್ರ ಹಾಗೇ ಇತ್ತು, ಎರಡು ನೋವು ಅನ್ನುವುದಕ್ಕೆ ಅದೇ ಸಾಕ್ಷಿ.

ಕೆಲವು ವಾರದಲ್ಲಿ ನೋವು ವಾಪಸ್ ಬಂತು. ಬರುತ್ತದೆ ಅಂತ ಹೇಳಿದ್ದರು, ಆದರೂ ಬಂದ ದಿನ ಕುಸಿದು ಹೋದೆ. ಮುಂದಿನ ಹೆಜ್ಜೆ ಆರ್‌ಎಫ್, ಅಂದರೆ ಆ ಕೀಲಿನ ನೋವಿನ ಸುದ್ದಿ ಒಯ್ಯುವ ಸಣ್ಣ ನರಗಳನ್ನು ಸೂಜಿಯ ತುದಿಯ ಶಾಖದಿಂದ ಸುಡುವುದು. ಕಾಲಿಗೆ ಶಕ್ತಿ ಕೊಡುವ ನರ ಬೇರೆ, ಇವು ಬೇರೆ. ಸುಡುವ ಮುಂಚೆ ಸಣ್ಣ ಕರೆಂಟು ಬಿಟ್ಟು "ಕಾಲಿಗೆ ಏನಾದ್ರೂ ಬಂತಾ?" ಅಂತ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ, ಅದಕ್ಕೇ ಪೂರ್ತಿ ನಿದ್ದೆ ಬರಿಸುವುದಿಲ್ಲ. ಆಮೇಲಿನ ಎರಡು ವಾರ ನೋವು ಇಳಿಯುವ ಬದಲು ಏರಿತು. ಯಾರಾದರೂ ಇದನ್ನು ಮಾಡಿಸುವುದಿದ್ದರೆ ಇದನ್ನು ಗಟ್ಟಿಯಾಗಿ ನೆನಪಿಡಿ, ಆಗ ಎದೆ ಒಡೆದುಕೊಳ್ಳಬೇಡಿ. ಮೂರನೇ ವಾರದಿಂದ ಇಳಿಯುತ್ತಾ ಬಂತು. ನರ ಮತ್ತೆ ಬೆಳೆಯುತ್ತದೆ, ಆರು ತಿಂಗಳಿಂದ ಒಂದು ವರ್ಷ ಅಂತ ಲೆಕ್ಕ, ಆಮೇಲೆ ಬೇಕಾದರೆ ಇನ್ನೊಮ್ಮೆ ಮಾಡಬಹುದು.

ದುಡ್ಡಿನ ವಿಷಯ. ಪತ್ತೆ ಇಂಜೆಕ್ಷನ್‌ಗೆ 15,000 ಹತ್ತಿರ, ಆರ್‌ಎಫ್‌ಗೆ 50,000 ಚಿಲ್ಲರೆ ಆಯಿತು. ಆ ವರ್ಷದ ಅಡಿಕೆ ಹಣದಲ್ಲಿ ಕೈಯಿಂದಲೇ ಕಟ್ಟಿದೆವು. ಆಸ್ಪತ್ರೆಯಿಂದ ಆಸ್ಪತ್ರೆಗೆ ಬಹಳ ವ್ಯತ್ಯಾಸ ಇರುತ್ತದೆ, ಬರವಣಿಗೆಯಲ್ಲಿ ಅಂದಾಜು ಕೇಳಿ. ಸರ್ಕಾರದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆಯ ಖರ್ಚು ಸಿಗುತ್ತದೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, ಅದಕ್ಕೆ ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ, ನಿಮ್ಮ ಸೊಸೈಟಿಯಲ್ಲಿ ವಿಚಾರಿಸಿಡಿ. ಯಾವ ಯೋಜನೆಯಾದರೂ ಪ್ರತಿ ಚಿಕಿತ್ಸೆಗೆ ಒಂದು ಕೋಡ್ ಇರುತ್ತದೆ. ಡಾಕ್ಟರ್ ಬರೆದ ಚಿಕಿತ್ಸೆ ಆ ಪಟ್ಟಿಯಲ್ಲಿದೆಯಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಗಳ ಕೆಲಸ ನೋಡುವ ಆರೋಗ್ಯಮಿತ್ರರನ್ನು ದಾಖಲಾಗುವ ಮುಂಚೆಯೇ ಕೇಳಿ. ಖಾಸಗಿ ವಿಮೆ ಇದ್ದವರು ಇದು ಡೇ ಕೇರ್ (ಅದೇ ದಿನ ಮನೆಗೆ ಕಳಿಸುವ) ಚಿಕಿತ್ಸೆಯಾಗಿ ಬರುತ್ತದಾ ಅಂತ ಮೊದಲೇ ಒಪ್ಪಿಗೆ ತಗೊಳ್ಳಿ.

ಇಷ್ಟೆಲ್ಲ ಹೇಳಿ ವ್ಯಾಯಾಮದ ವಿಷಯ ಬಿಟ್ಟರೆ ಅರ್ಧ ಹೇಳಿದ ಹಾಗೆ. ನೋವು ಇಳಿದ ಆ ತಿಂಗಳುಗಳು ಇರುವುದೇ ಬೆನ್ನಿಗೆ ಬಲ ತುಂಬಿಕೊಳ್ಳಲು ಅಂತ ಡಾಕ್ಟರ್ ಹೇಳಿದ್ದರು. ಫಿಸಿಯೋ ಮೇಡಂ ಮೊದಲು ಕೊಟ್ಟಿದ್ದು ತೀರಾ ಸಣ್ಣ ಕೆಲಸ: ಬೆನ್ನ ಮೇಲೆ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು, ಅಂಗಳದಿಂದ ಗೇಟಿನ ತನಕ ನಡೆದು ಬರುವುದು. "ನೋವು ಬಂದ್ಮೇಲೆ ನಿಲ್ಸೋದಲ್ಲ ಅಕ್ಕಾ, ಬರೋ ಮುಂಚೆ ನಿಲ್ಸಿ" ಅನ್ನುತ್ತಿದ್ದರು. ನಮ್ಮಂಥವರಿಗೆ ಅದೇ ಕಷ್ಟ. ಸ್ವಲ್ಪ ಚೆನ್ನಾಗಿದ್ದ ದಿನ ಇಡೀ ಮನೆ ಕೆಲಸ ಮಾಡಿ ಮುಗಿಸುವ ಆಸೆ, ಆಮೇಲೆ ಮೂರು ದಿನ ಮಲಗುವುದು. ಈಗ ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಡುತ್ತೇನೆ, ಹೊಡೆದ ಕೂಡಲೇ ಭಂಗಿ ಬದಲಾಯಿಸುತ್ತೇನೆ. ಉದ್ದ ಹಿಡಿಯ ಪೊರಕೆ ಮಾಡಿಸಿದೆ. ಕಮೋಡ್ ಹಾಕಿಸಿದೆವು, ಅದನ್ನು ಆಪರೇಷನ್‌ಗೆ ಮುಂಚೆಯೇ ಎಲ್ಲರೂ ಹಾಕಿಸಬೇಕು. ಕೊಡಪಾನದ ಬದಲು ಸಣ್ಣ ಬಿಂದಿಗೆ, ಒಂದೊಂದು ಕೈಗೆ ಒಂದೊಂದು. ಮೆಟ್ಟುಗತ್ತಿ ಮುಂದೆ ಕೂರುವುದನ್ನು ಬಿಟ್ಟೆ, ಸುಲಿಯಲು ಯಂತ್ರದವರನ್ನು ಕರೆಸುತ್ತೇವೆ, ನಾನು ಎತ್ತರದ ಮೇಜಿನ ಮುಂದೆ ನಿಂತು ಅಡಿಕೆ ಆರಿಸುತ್ತೇನೆ.

ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಬಗ್ಗೆಯೂ ಡಾಕ್ಟರ್ ತಿಳಿಸಿದ್ದರು. ಬೆನ್ನುಹುರಿಯ ಹೊರಗೆ ಸಣ್ಣ ತಂತಿ ಇಟ್ಟು, ಚರ್ಮದ ಕೆಳಗಿನ ಬ್ಯಾಟರಿಯಿಂದ ಮೆಲ್ಲನೆ ಕರೆಂಟು ಬಿಡುವುದು. ಆಪರೇಷನ್ ಆದ ಮೇಲೂ ಕಾಲಿಗೆ ನರದ ನೋವು ಉಳಿದು, ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಬಗ್ಗದವರಿಗೆ ಅದು ಒಂದು ದಾರಿ. ಮೊದಲು ಸುಮಾರು ಒಂದು ವಾರ ತಾತ್ಕಾಲಿಕ ತಂತಿ ಇಟ್ಟು ನೋಡುತ್ತಾರೆ, ನೋವು ಅರ್ಧದಷ್ಟಾದರೂ ಇಳಿದರೆ ಮಾತ್ರ ಕಾಯಂ ಹಾಕುವುದು. ಖರ್ಚು ಲಕ್ಷಗಟ್ಟಲೆ. ನನ್ನ ಉರಿ ಮಾತ್ರೆಯಲ್ಲೇ ಹತೋಟಿಗೆ ಬಂದಿದ್ದರಿಂದ ಅಲ್ಲಿಗೆ ಹೋಗಲಿಲ್ಲ. ಕೊಪ್ಪದ ಆ ಹೆಂಗಸು ಇದನ್ನು ಯೋಚಿಸುತ್ತಿದ್ದಾರೆ, ಆಗಾಗ ಫೋನ್ ಮಾಡುತ್ತಾರೆ. ಮರು ಆಪರೇಷನ್ ಬೇಡವೇ ಬೇಡ ಅಂತಲ್ಲ. ಸ್ಕ್ರೂ ಸಡಿಲಾಗಿದ್ದರೆ, ಹೊಸದಾಗಿ ಡಿಸ್ಕ್ ಜಾರಿ ನರ ಒತ್ತುತ್ತಿದ್ದರೆ ಅದು ಬೇಕಾಗಬಹುದು. ಆದರೆ ಪ್ರತಿ ಸಲವೂ ಗುಣವಾಗುವ ಸಾಧ್ಯತೆ ಹಿಂದಿನದಕ್ಕಿಂತ ಕಡಿಮೆ ಅಂತ ಇಬ್ಬರು ಡಾಕ್ಟರು ನನಗೆ ಬಾಯಿಬಿಟ್ಟು ಹೇಳಿದರು.

ಕೆಲವು ಲಕ್ಷಣಕ್ಕೆ ಮಾತ್ರ ಪೇನ್ ಕ್ಲಿನಿಕ್, ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ. ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಲಾಗದೆ ಹೋದರೆ, ಮಲದ ಹತೋಟಿ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಒಮ್ಮೆಲೇ ಜೋತು ಬಿದ್ದರೆ, ಬೆನ್ನುನೋವಿನ ಜೊತೆ ಜ್ವರ ಬಂದರೆ, ಗಾಯ ಸೋರಿದರೆ, ರಾತ್ರಿಯಾದರೂ ಸರಿ, ಮಳೆಯಾದರೂ ಸರಿ, ಎಂಆರ್‌ಐ ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ತಡವಾದರೆ ನರದ ಶಕ್ತಿ ವಾಪಸ್ ಬರದೆ ಹೋಗಬಹುದು.

ನನ್ನ ನೋವು ಈಗ ಹೆಚ್ಚಿನ ದಿನ 2-3ರಲ್ಲಿ ಇರುತ್ತದೆ, ತೋಟದ ಕೆಲಸ ಜಾಸ್ತಿಯಾದ ದಿನ 5. ಸೊನ್ನೆ ಆಗಿಲ್ಲ, ಆಗುತ್ತದೆ ಅಂತ ಡಾಕ್ಟರ್ ಹೇಳಿಯೂ ಇಲ್ಲ. ರಾತ್ರಿ ನಿದ್ದೆ ಬರುತ್ತದೆ, ಹಾಲು ಕರೆಯುತ್ತೇನೆ, ತೀರ್ಥಹಳ್ಳಿ ಸಂತೆಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪ್ರೆಗಾಬಲಿನ್ ಇಳಿಸಲು ಶುರು ಮಾಡಿದ್ದಾರೆ. ಆರ್‌ಎಫ್ ಪರಿಣಾಮ ಮುಗಿದರೆ ಮತ್ತೆ ಮಾಡಿಸುವುದಕ್ಕೆ ಸೊಸೈಟಿಯಲ್ಲಿ ತಿಂಗಳಾ ಸ್ವಲ್ಪ ಸ್ವಲ್ಪ ಕಟ್ಟುತ್ತಿದ್ದೇವೆ, ಮುಂದಿನ ತಪಾಸಣೆ ಅಡಿಕೆ ಕೊಯ್ಲು ಮುಗಿದ ಮೇಲೆ ಇದೆ.